ಮುಗಿಸದ ಸಲಾಮು

ನನ್ನ ಮಾತು ನಂಬದಿದ್ದರೆ ಮನೆಗೆ ಬಂದು ಆ ಬಡಿಗೆಯನ್ನೇ ನೋಡಿ.

ಮಾಳಮಡ್ಡಿಯ ಅಹಮದಸಾಬ ಕಾಕಾ ನಮ್ಮ ಓಣಿಯ ಹೆಣ್ಣುಮಕ್ಕಳಿಗೆ ಬಡಿಗೆ ಬೀಸುವುದನ್ನು ಕಲಿಸುತ್ತಾರೆ. ಮೊದಲ ದಿನವೇ ಹೇಳಿದ್ದರು: “ಬಡಿಗಿ ನೆಲಕ್ಕ ಮುಟ್ಟಿಸಿ ಎದುರಿನವರಿಗೆ ಸಲಾಮ್ ಮಾಡಿ ಸುರು ಮಾಡ್ರಿ. ಮುಗಿಸೂವಾಗನೂ ಸಲಾಮ್ ಮಾಡ್ರಿ. ಅಲ್ಲೀತನಕ ಆಟ ಮುಗದಿಲ್ಲ ಅಂತ ತಿಳೀರಿ.”

ಹೋದ ತಿಂಗಳು ಮಟಮಟ ಮಧ್ಯಾಹ್ನ ಹೆಬ್ಬಳ್ಳಿ ರಸ್ತೆಯಲ್ಲಿ ನನ್ನ ಸ್ಕೂಟಿ ಪಂಕ್ಚರ್ ಆಯಿತು. ಅದನ್ನು ಅಲ್ಲೇ ನಿಲ್ಲಿಸಿ, ಕಾಕಾ ಹತ್ತಿರ ಕಲಿಯಲು ಒಯ್ಯುತ್ತಿದ್ದ ಬಡಿಗೆ ಊರುತ್ತ ನಡೆದೆ. ಬಾಗಿಲು ಮುಚ್ಚಿದ ಹತ್ತಿ ಗಿರಣಿಯ ಹತ್ತಿರ, ನನ್ನ ಬಡಿಗೆ ಟಕ್ ಎಂದ ಮೇಲೆ ಹಿಂದಿನಿಂದ ಇನ್ನೊಂದು ಟಕ್ ಕೇಳಿಸಿತು. ನಾನು ನಿಂತೆ. ಅದು ಮತ್ತೊಂದು ಹೆಜ್ಜೆ ಹತ್ತಿರ ಬಂದು ನಿಂತಿತು. ಸುಡುವ ಬಿಸಿಲಿನಲ್ಲಿ ಬೆನ್ನು ಮಾತ್ರ ತಣ್ಣಗಾಯಿತು. ತಿರುಗಿದರೆ ಯಾರೂ ಇಲ್ಲ. ಧೂಳಿನಲ್ಲಿ ನನ್ನ ಬಡಿಗೆಯ ಗುರುತುಗಳ ಪಕ್ಕದಲ್ಲೇ ಇನ್ನೊಂದು ಬಡಿಗೆಯ ಗುರುತುಗಳಿದ್ದವು.

ಓಡಬೇಕಿತ್ತು. ಆದರೆ ಸಿಟ್ಟು ಬಂತು. ದಿನಾ ಓಡಾಡುವ ರಸ್ತೆಯಲ್ಲಿ ನಾನ್ಯಾಕೆ ಓಡಲಿ? ರೂಢಿಯಂತೆ ಸಲಾಮ್ ಮಾಡಿ ಬೀಸಿದೆ. ಖಾಲಿ ಗಾಳಿಯಲ್ಲಿ ಕಟ್ಟಿಗೆಗೆ ಕಟ್ಟಿಗೆ ತಾಗಿ ಮುಂಗೈ ಜುಮ್ಮೆಂದಿತು. ಮತ್ತೆ ಬೀಸಿದೆ, ಏನೂ ತಾಗಲಿಲ್ಲ. ಬಡಿಗೆ ಹೆಗಲಿಗಿಟ್ಟು ಬಂದುಬಿಟ್ಟೆ.

ಇದನ್ನು ಕೇಳಿದ ಕಾಕಾ ನನ್ನ ಬಡಿಗೆಯನ್ನು ಇಸಿದುಕೊಂಡು ತಿರುಗಿಸಿ ನೋಡಿದರು. “ಮುಗಿಸೂ ಸಲಾಮ್ ಮಾಡೀಯೇನು, ಭಾಗ್ಯಾ?”

“ಇಲ್ರಿ ಕಾಕಾ.”

“ಹೋಗಿ ಮಾಡಿ ಬಾರವಾ.”

“ಬೆನ್ನು ಹತ್ತಿದ್ದು ಅದು. ಮೊದಲ ಅದು ಮಾಡ್ಲಿ ರೀ.”

ಬಡಿಗೆ ಈಗ ನಮ್ಮ ಬಾಗಿಲ ಹಿಂದೆ ನಿಂತಿದೆ. ಅದನ್ನು ಯಾರೂ ಮುಟ್ಟುವುದಿಲ್ಲ. ಆದರೂ ದಿನಾ ಬೆಳಿಗ್ಗೆ ಅದರ ಮೇಲೆ ಏಟಿನ ಹೊಸ ಕಚ್ಚೊಂದು ಬಿದ್ದಿರುತ್ತದೆ.

ನಾನಿನ್ನೂ ಸಲಾಮ್ ಮಾಡಿಲ್ಲ.