ಕೊಳೆಯದ ಬಾಳೆಹಣ್ಣು

"ಅಲ್ಲೇ ನಿಲ್ಲಿ! ಕೈಯಲ್ಲಿರೋದನ್ನ ಕೆಳಗಿಡಿ!"

"ಯಾವುದನ್ನ?" ಎಂದ ಅವನು.

ನ್ಯಾಯವಾದ ಪ್ರಶ್ನೆಯೇ. ಅವನ ಎರಡು ಕೈಯಲ್ಲೂ ಒಂದೊಂದು ಬಾಳೆಹಣ್ಣಿತ್ತು. ಬಲಗೈಯದು ಕಪ್ಪಾಗಿ ಮೆತ್ತಗಾಗಿತ್ತು. ಎಡಗೈಯದು ಹಳದಿ, ಅಲ್ಲಲ್ಲಿ ಕಂದು ಚುಕ್ಕೆ.

ಮರೆತ ಕನ್ನಡಕಕ್ಕಾಗಿ ಶಾಲೆಯ ದಾರಿಯಿಂದ ವಾಪಸು ಬಂದಿದ್ದ ಡ್ರಾಯಿಂಗ್ ಟೀಚರು ತನ್ನ ಕೋಣೆಯ ಬಾಗಿಲಲ್ಲೇ ನಿಂತಳು. ಎದುರಿಗಿದ್ದವನು ಚಿಕ್ಕಮ್ಮನ ಈ ಮನೆಯ ಕೆಳಗಿನ ಫ್ರೇಮ್ ಅಂಗಡಿಯವನು. ಮೆಟ್ಟಿಲ ಬಳಿ ದಿನವೂ ಸಿಗುತ್ತಿದ್ದ. ಅವನಿಗೊಂದು ಮುಖವಿದೆ ಎಂಬುದು ಮಾತ್ರ ಅವಳಿಗೆ ಈಗಲೇ ಗೊತ್ತಾದದ್ದು.

ಅಪ್ಪ ತೀರಿಕೊಂಡಾಗಿನಿಂದ ಅವಳಿಗೆ ಎಲ್ಲರೂ ಬೂದು ಬಟ್ಟೆ ತೊಟ್ಟ ಒಬ್ಬನೇ ಮನುಷ್ಯನ ಹಾಗೆ ಕಾಣುತ್ತಿದ್ದರು. ಅಳುವೂ ಬಂದಿರಲಿಲ್ಲ. ಸಾವಿನ ಮನೆಗೆ ಬಂದ ನೆಂಟರು ಮಳೆಗೆ ಕಾಯುವವರಂತೆ ಅವಳ ಮುಖ ನೋಡುತ್ತ ಕೂತು, ಕೊನೆಗೆ ನಿರಾಸೆಯಿಂದ ಎದ್ದು ಹೋಗಿದ್ದರು. ಊಟ ಮಾಡು ಅಂದರೆ ಮಾಡುತ್ತಿದ್ದಳು. ಹಸಿವು ಎಂಬುದು ಎಲ್ಲೋ ಓದಿದ ಪದದಂತಿತ್ತು. ಕೋಣೆಗೆ ಬೀಗ ಹಾಕುವ ಗೋಜಿಗೂ ಹೋಗುತ್ತಿರಲಿಲ್ಲ.

ಬೆಳಗಿನ ಹೊತ್ತು ಮಾತ್ರ ಕಿಟಕಿಯ ಬೆಳಕಿನಲ್ಲಿ ಕೂತು ಚಿತ್ರ ಬಿಡಿಸುತ್ತಿದ್ದಳು. ನೀಲಿ ತಟ್ಟೆ, ಎರಡು ಕಿತ್ತಳೆ, ಒಂದು ಸೇಬು, ಒಂದು ಬಾಳೆಹಣ್ಣು. ಹಣ್ಣುಗಳು 'ಸಮಾಧಾನ ಮಾಡ್ಕೋ' ಅನ್ನುವುದಿಲ್ಲವಲ್ಲ!

ಎಣ್ಣೆಬಣ್ಣ ನಿಧಾನದ ಕೆಲಸ. ಒಂದು ಪದರ ಒಣಗುವ ತನಕ ಕಾಯಬೇಕು. ಬೇಗ ಕೊಳೆಯುವುದನ್ನು ಮೊದಲು ಬಿಡಿಸಿ ಎಂದು ಮಕ್ಕಳಿಗೆ ಪಾಠ ಹೇಳುವವಳು, ತಾನು ಮಾತ್ರ ಬಾಳೆಹಣ್ಣನ್ನು ಕೊನೆಗೆ ಉಳಿಸಿಕೊಂಡಿದ್ದಳು.

ವಾರಗಳು ಕಳೆದವು. ಕಿತ್ತಳೆ ಸುಕ್ಕಾಯಿತು, ಸೇಬು ಬಾಡಿತು. ಬಾಳೆಹಣ್ಣು ಮಾತ್ರ ಮದುಮಗನಂತೆ ಮಿರಮಿರ ಮಿಂಚುತ್ತ ಕೂತಿತ್ತು. ಹೀಗಾಗುವುದುಂಟೇ ಎಂದು ಅವಳಿಗೆ ಒಮ್ಮೆಯೂ ಹೊಳೆಯಲಿಲ್ಲ. ಮನಸ್ಸು ಅಷ್ಟು ಮರಗಟ್ಟಿತ್ತು...

"ಯಾವಾಗಿನಿಂದ ಬದಲಾಯಿಸ್ತಿದ್ದೀರಿ?"

"ಮೊದಲಿನಿಂದ... ಅಂದ್ರೆ, ಕಪ್ಪಾದಾಗೆಲ್ಲ."

ಅವಳು ಮೇಜಿನ ಮೇಲಿದ್ದ ಕನ್ನಡಕ ಏರಿಸಿ ಕ್ಯಾನ್ವಾಸ್ ನೋಡಿದಳು. ತೊಟ್ಟು ಒಂದು ಹಣ್ಣಿನದು, ಬೆನ್ನಿನ ಬಾಗು ಇನ್ನೊಂದರದು, ಚುಕ್ಕೆ ಮತ್ಯಾವುದರದೋ. ತುದಿ ಇನ್ನೂ ಬರೀ ಗೆರೆ. ಲೋಕದ ಯಾವ ತೋಟದಲ್ಲೂ ಬೆಳೆಯದ ಬಾಳೆಹಣ್ಣು!

ಎದೆಯಲ್ಲಿ ಏನೋ ಚುರುಕ್ಕೆಂದಿತು. ಅದು ಸಿಟ್ಟು ಎಂದು ಗುರುತಿಸಲು ಸ್ವಲ್ಪ ಹೊತ್ತೇ ಬೇಕಾಯಿತು.

"ನಿಮಗೆ ಇಲ್ಲಿಗೆ ಬರೋಕೆ ಹೇಳಿದ್ದು ಯಾರು? ಚಿಕ್ಕಮ್ಮನಾ?"

"ಹೌದು, ಅವರು ಹೇಳಿದ್ರು... ಆದ್ರೆ..."

"ಸಾಕು! ನನ್ನ ಮೇಲೆ ಕನಿಕರ ಪಡೋಕೂ ಆಳು ಇಟ್ಟಿದ್ದಾರಾ? ಹೋಗಿ ನೀವು."

ಅವನು ಹೋದ. ಯಾವ ಹಣ್ಣು ಇಟ್ಟು ಯಾವುದನ್ನು ಒಯ್ಯಬೇಕೆಂದು ತಿಳಿಯದೆ ಎರಡನ್ನೂ ತಟ್ಟೆಯಲ್ಲೇ ಬಿಟ್ಟು ಹೋದ.

ಹಳದಿಯದೂ ಕ್ರಮೇಣ ಕಪ್ಪಾಯಿತು. ಯಾರೂ ಬದಲಾಯಿಸಲಿಲ್ಲ. ಅವಳು ಕುಂಚ ಮುಟ್ಟಲಿಲ್ಲ. ಸಿಟ್ಟು ಆರಿ, ಮತ್ತದೇ ಮಂಕು. ಆದರೆ ಕೆಳಗೆ ಮೊಳೆ ಹೊಡೆಯುವ ಸದ್ದಾದಾಗಲೆಲ್ಲ ಕಿವಿ ಅತ್ತ ಹೋಗುತ್ತಿತ್ತು. 'ನನಗೇನು?' ಅಂದುಕೊಂಡಳು. ಅಂದುಕೊಂಡು, ಇನ್ನಷ್ಟು ಕೇಳಿಸಿಕೊಂಡಳು.

ಕೊನೆಗೆ ಮನೆಯ ಒಡತಿಯಾದ ಚಿಕ್ಕಮ್ಮ ಪೊರಕೆ ಹಿಡಿದು, ಮೂಗಿಗೆ ಸೆರಗು ಒತ್ತಿಕೊಂಡು ಬಂದರು.

"ಏನೇ ಪುಟ್ಟಿ, ಇದು ಕೋಣೆನೋ ತಿಪ್ಪೆನೋ? ಆ ಫ್ರೇಮಿನವನಿಗೆ ಯಾವತ್ತೋ ಹೇಳಿದ್ದೆ, ಈ ಕೊಳೆತಿದ್ದನ್ನ ಎತ್ತಿ ಬಿಸಾಕಪ್ಪಾ ಅಂತ."

"ಬಿಸಾಕು ಅಂತಾನಾ? ಹೊಸದು ತಂದಿಡು ಅಂತ ಅಲ್ವಾ?"

"ಹೊಸದಾ? ನಂಗೇನು ತಲೆ ಕೆಟ್ಟಿದೆಯಾ! ಓ... ಅದಕ್ಕೇನಾ ಅವನು ಮಾರ್ಕೆಟ್‌ನಲ್ಲಿ ಒಂದೊಂದು ಹಣ್ಣನ್ನೂ ತಿರುಗಿಸಿ ತಿರುಗಿಸಿ ನೋಡ್ತಿದ್ದಿದ್ದು? 'ನಿಮಗೆ ಬಾಳೆಹಣ್ಣು ಬೇಕೋ, ಅಳಿಯ ಬೇಕೋ' ಅಂತ ಕೇಳಿದ್ಲಂತೆ ಅಂಗಡಿಯವಳು! ಒಂದಕ್ಕೋಸ್ಕರ ಇಡೀ ಚಿಪ್ಪು ತಗೊಳ್ಳೋದು, ಉಳಿದಿದ್ದನ್ನ ಮೂರು ಹೊತ್ತೂ ತಾನೇ ತಿನ್ನೋದು. ಯಾಕಪ್ಪಾ ಅಂದ್ರೆ ಹಲ್ಲು ಕಿರೀತಾನೆ."

ಅವಳು ಕ್ಯಾನ್ವಾಸನ್ನು ಅಂಚು ಹಿಡಿದು ಎತ್ತಿಕೊಂಡು ಮೆಟ್ಟಿಲಿಳಿದಳು.

ಅಂಗಡಿಯಲ್ಲಿ ಅವನು ಮರದ ಪಟ್ಟಿ ಕೊಯ್ಯುತ್ತಿದ್ದ. ಗೋಂದಿನ ಡಬ್ಬದ ಪಕ್ಕದಲ್ಲಿ ಅರ್ಧ ಚಿಪ್ಪು ಬಾಳೆಹಣ್ಣು.

"ಇದಕ್ಕೆ ಫ್ರೇಮ್ ಹಾಕಿಕೊಡ್ತೀರಾ?"

"ತುದಿ ಇನ್ನೂ ಬಾಕಿ ಇದೆಯಲ್ಲ, ಮೇಡಂ."

"ನೀವ್ಯಾಕೆ ಆ ಹಣ್ಣು ಬಿಸಾಕಲಿಲ್ಲ?"

"ಬಿಸಾಕೋಕೇ ಬಂದಿದ್ದೆ. ನೋಡಿದ್ರೆ ಚಿತ್ರದಲ್ಲಿ ಬಾಳೆಹಣ್ಣಿನ ಜಾಗ ಖಾಲಿ. ಅದನ್ನೂ ಎತ್ತಿಬಿಟ್ರೆ ನೀವು ಬಿಡಿಸೋಕೆ ಕೂರೋದೇ ನಿಲ್ಲಿಸ್ತೀರಿ ಅನ್ನಿಸ್ತು." ಅವನು ತಲೆಯೆತ್ತಿ ಸೂರು ನೋಡಿದ. "ಬೆಳಿಗ್ಗೆ ನೀವು ಕುರ್ಚಿ ಎಳೆಯೋ ಸದ್ದು ಇಲ್ಲಿಗೆ ಕೇಳುತ್ತೆ. ಅದು ಕೇಳಿದ ಮೇಲೇ ನಾನು ಕೆಲಸಕ್ಕೆ ಕೈ ಹಾಕೋದು. ಈಗ ಕೇಳ್ತಿಲ್ಲ..."

"ಬಾಯಿಬಿಟ್ಟು ಹೇಳಬಹುದಿತ್ತಲ್ಲ?"

"ಇಷ್ಟ ಅಂತ ಹೇಳೋ ಧೈರ್ಯ ಇರಲಿಲ್ಲ. ಬಾಳೆಹಣ್ಣು ಇಡೋ ಧೈರ್ಯ ಇತ್ತು. ಅಷ್ಟೆ."

ತನ್ನೊಳಗೆ ಏನಾದರೂ ಆಗುತ್ತದೆಯೇ ಎಂದು ಅವಳು ಕಾದಳು. ಎದೆಯೇನೂ ಉಕ್ಕಿ ಬರಲಿಲ್ಲ. ಹೊಟ್ಟೆ ಮಾತ್ರ ಗುರ್ರೆಂದಿತು. ಇಬ್ಬರಿಗೂ ಕೇಳಿಸಿತು.

"ನಂಗೆ... ಹಸಿವಾಗ್ತಿದೆ!" ಎಂದಳು. ಬೇರೆ ಯಾರದೋ ಸುದ್ದಿ ಹೇಳುವಂತೆ, ಬೆರಗಿನಿಂದ.

ಅವನು ಚಿಪ್ಪಿನಿಂದ ಒಂದು ಹಣ್ಣು ಕಿತ್ತು ಕೊಟ್ಟ. ನಿಂತಲ್ಲೇ ತಿಂದಳು. ಅರ್ಧ ಮುಗಿಯುವಷ್ಟರಲ್ಲಿ ಕಣ್ಣೀರು ಇಳಿಯಿತು. ಅಪ್ಪನಿಗಾಗಿ, ತಡವಾಗಿ, ಧಾರಾಳವಾಗಿ... ತಿನ್ನುವುದನ್ನು ಮಾತ್ರ ಅವಳು ನಿಲ್ಲಿಸಲಿಲ್ಲ.

ಅವನು ಅಳಬೇಡಿ ಅನ್ನಲಿಲ್ಲ. ಇನ್ನೊಂದು ಹಣ್ಣು ಕಿತ್ತು ಅವಳ ಕೈಗಿಟ್ಟ.

"ನೀವೂ ತಿನ್ನಿ," ಎಂದಳು, ಮೂಗು ಒರೆಸಿಕೊಳ್ಳುತ್ತ.

"ನನ್ನ ಬಿಟ್ಟುಬಿಡಿ, ಮೇಡಂ. ಬಾಳೆಹಣ್ಣು ಕಂಡ್ರೆ ಈಗ ಓಡಿಹೋಗೋ ಹಾಗಾಗುತ್ತೆ."

ಅಳುವಿನ ಮಧ್ಯೆಯೇ ಅವಳಿಗೆ ನಗು ಬಂತು. "ಹಾಗಾದ್ರೆ ಮುಂದಿನ ಚಿತ್ರಕ್ಕೆ ಯಾವ ಹಣ್ಣು ಇಡಲಿ? ನೀವೇ ಹೇಳಿ."

ಅವನು ಬಹಳ ಯೋಚಿಸಿದ. "ಕುಂಬಳಕಾಯಿ."

"ಅದು ಹಣ್ಣಾ?"

"ಅಲ್ಲ. ಆದ್ರೆ ತಿಂಗಳುಗಟ್ಟಲೆ ಕೊಳೆಯಲ್ಲ. ನೀವು ನಿಧಾನವಾಗಿ ಬಿಡಿಸಬಹುದು."

"ಅಷ್ಟು ದಿನವೂ ನಾನು ಕುರ್ಚಿ ಎಳೀತಿರಬೇಕಾ?"

"ಹೂಂ," ಎಂದ ಅವನು. "ಸ್ವಲ್ಪ ಜೋರಾಗಿ."