ಮುಚ್ಚಳದ ಮೇಲಿನ ‘ಭ’

ತಿರುಗಿ ಹೋಗಿಬಿಡಲೇ? ಅವನಿನ್ನೂ ನನ್ನನ್ನು ನೋಡಿಲ್ಲ... ನೋಡಿದರೆ ಏನು ಹೇಳಲಿ? ತಪ್ಪಾಯಿತು ಎನ್ನಲೇ? ಒಂದು ವರ್ಷ ಕಳೆದ ಮೇಲೆ, ಒಂದು ಅಕ್ಷರಕ್ಕಾಗಿ?

ಹಳದೀಪುರದ ಆಚೆ, ಸಿಗಡಿ ಸಾಕುವ ಹೊಂಡದ ಒಡ್ಡಿನ ಮೇಲೆ ಸ್ಮೃತಿ ನಿಂತೇ ಇದ್ದಳು.

ಕೆಳಗೆ ಮೊಣಕಾಲುದ್ದ ನೀರಿನಲ್ಲಿ ದಿವಾಕರ. ಗಾಜಿನ ಲೋಟದಲ್ಲಿ ಹೊಂಡದ ನೀರೆತ್ತಿ ಬಿಸಿಲಿಗೆ ಹಿಡಿದು, ಹಸಿರೋ ಕಂದೋ ಎಂದು ನೋಡುತ್ತಿದ್ದ. ಹಾಗೆ ನೋಡುವುದನ್ನು ಅವನಿಗೆ ಕಲಿಸಿದವಳು ಅವಳೇ.

ಅವನು ತಿರುಗಿದ. ನಗಲಿಲ್ಲ. ಸಿಟ್ಟನ್ನೂ ತೋರಿಸಲಿಲ್ಲ.

“ನೀವು ಎಂತಕೆ ಬಂದ್ರಿ?”

ನೀವು! ದೂರವಾಗುವ ಮೊದಲು ಅವಳು ಅವನಿಗೆ ‘ನೀನು’ ಆಗಿದ್ದಳು.

ಎರಡು ವರ್ಷದ ಹಿಂದೆ ಸ್ಮೃತಿ ತನ್ನ ಪಿಎಚ್‌ಡಿಗೆ ಮೂರು ಅಳಿವೆಗಳನ್ನು ಆರಿಸಿಕೊಂಡಿದ್ದಳು. ಕುಮಟಾದ ಅಘನಾಶಿನಿ, ಹೊನ್ನಾವರದ ಶರಾವತಿ, ಭಟ್ಕಳದ ವೆಂಕಟಾಪುರ ಹೊಳೆ. ಹೊಳೆ ಸಮುದ್ರ ಸೇರುವಲ್ಲಿ ಎಷ್ಟು ಬಗೆಯ ಸಸ್ಯಪ್ಲವಕಗಳಿವೆ ಎಂದು ಎಣಿಸುವ ಕೆಲಸ. ಕಣ್ಣಿಗೆ ಕಾಣದ ಈ ಪಾಚಿಗಳೇ ಮೀನು, ಸಿಗಡಿ, ಚಿಪ್ಪಿಗಳೆಲ್ಲದರ ಮೊದಲ ಅನ್ನ. ದೋಣಿ ನಡೆಸಿ ನೀರು ಹಿಡಿಯಲು ಸಹಾಯಕನಾಗಿ ಬಂದವನು ಹೊನ್ನಾವರದ ದಿವಾಕರ.

“ಡಾಕ್ಟರಮ್ಮ, ನಿಮ್ಮ ಪೇಷಂಟು ಕಣ್ಣಿಗೇ ಕಾಣೂದಿಲ್ಲ ಅಲಾ,” ಎಂದು ಮೊದಲ ದಿನವೇ ರೇಗಿಸಿದ್ದ.

ಅವಳು ಮೈಕ್ರೋಸ್ಕೋಪಿನಲ್ಲಿ ತೋರಿಸಿದಳು. ಬಳೆಚೂರಿನಂಥವು, ದೋಣಿಯಂಥವು, ಸರ ಪೋಣಿಸಿದಂಥವು... ನೋಡಿದವನು ಬಹಳ ಹೊತ್ತು ಮಾತಾಡಲಿಲ್ಲ. ಅವಳು ಮೊದಲು ಮೆಚ್ಚಿದ್ದು ಆ ಮೌನವನ್ನು. ಅದೇ ಮೌನ ಮುಂದೆ ತನ್ನನ್ನು ಸುಡುತ್ತದೆಂದು ಅವಳಿಗೇನು ಗೊತ್ತಿತ್ತು?

ಕಳೆದ ವರ್ಷ ಮಾರ್ಚಿನಲ್ಲಿ ಅವಳು ಜ್ವರದಿಂದ ಮಲಗಿದಳು. ದಿವಾಕರ ಒಬ್ಬನೇ ಮೂರೂ ಹೊಳೆಗಳಿಗೆ ಹೋಗಿ, ಹದಿನೆಂಟು ಬಾಟಲಿ ನೀರು ಹಿಡಿದು ಕಾಲೇಜಿನ ಲ್ಯಾಬಿಗೆ ತಲುಪಿಸಿದ. ಯಾವತ್ತೂ ಮುಚ್ಚಳದ ಮೇಲೆ ಇಂಗ್ಲಿಷಿನಲ್ಲಿ ಗುರುತು ಹಾಕುತ್ತಿದ್ದವಳು ಅವಳು. ಆ ಸಲ ಅವನೇ ಬರೆದಿದ್ದ, ಕನ್ನಡದಲ್ಲಿ.

ಅವಳು ಬರುವಷ್ಟರಲ್ಲಿ ಯಾರೋ ಪೆಟ್ಟಿಗೆಗಳಿಂದ ಬಾಟಲಿ ತೆಗೆದು ಕಪಾಟಿನಲ್ಲಿ ಸಾಲಾಗಿ ಇಟ್ಟಿದ್ದರು. ಒಂಬತ್ತು ಮುಚ್ಚಳಗಳ ಮೇಲೆ ‘ಭ’. ಒಂಬತ್ತರ ಮೇಲೆ ‘ಇ’.

ಭ ಎಂದರೆ ಭಟ್ಕಳ. ಇ ಎಂದರೆ? ಆ ವಾರ ತಾಯಿಯನ್ನು ಇಡಗುಂಜಿಗೆ ಪೂಜೆಗೆ ಕರೆದೊಯ್ಯಬೇಕೆಂದು ಅವನು ಹೇಳಿದ್ದು ನೆನಪಾಯಿತು. ದೇವಸ್ಥಾನಕ್ಕೆ ಹೋದ ಕಡೆಯಲ್ಲೇ ಬಾಟಲಿ ತುಂಬಿಸಿಬಿಟ್ಟನೇ? ಕುಮಟಾಕ್ಕೆ, ಹೊನ್ನಾವರದ ಅಳಿವೆಗೆ ಹೋಗಲೇ ಇಲ್ಲವೇ? ನಾನು ನಂಬಿದವನು ಇವನೇ!

ಅವನನ್ನು ಕೇಳುವ ಮೊದಲೇ ತನ್ನ ಗೈಡ್ ವೀಣಾ ಮೇಡಂಗೆ ಹೇಳಿಬಿಟ್ಟಳು.

ಮೇಡಂ ಅವನನ್ನು ಕರೆಸಿ ಕೇಳಿದ್ದು ಒಂದೇ ಪ್ರಶ್ನೆ, ಆ ವಾರ ಇಡಗುಂಜಿಗೆ ಹೋಗಿದ್ದೆಯಾ ಎಂದು. ಹೋಗಿದ್ದೆ ಎಂದ. ಕೆಲಸ ಮುಗಿಸಿ ಹೋಗಿದ್ದೆ ಎನ್ನಲಿಲ್ಲ. ಸ್ಮೃತಿಯ ಕಡೆ ಒಮ್ಮೆ ನೋಡಿದ. ಅವಳು ಮುಖ ತಿರುಗಿಸಿದಳು. ಅವತ್ತೇ ಅವನ ಕೆಲಸ ಹೋಯಿತು. ಕಳ್ಳ ಲೆಕ್ಕದವನು ಎಂಬ ಹೆಸರು ಉಳಿಯಿತು.

ಕಳೆದ ವಾರ ಲ್ಯಾಬಿನ ಉಗ್ರಾಣ ಗುಡಿಸುವಾಗ ಅವಳಿಗೆ ಆ ಬಾಟಲಿಗಳ ಮೂರು ಖಾಲಿ ಪೆಟ್ಟಿಗೆ ಸಿಕ್ಕವು. ಒಂದೊಂದರ ಒಳಗೂ ಒಂದೊಂದು ಚೀಟಿ, ಅವನದೇ ಅಕ್ಷರ. ‘ಕುಮಟಾ. ಭರತ ೩, ಇಳತ ೩.’ ಹೊನ್ನಾವರದ್ದೂ ಹಾಗೇ, ಭಟ್ಕಳದ್ದೂ ಹಾಗೇ.

ಭರತ ಅಂದರೆ ಸಮುದ್ರದ ನೀರು ಏರುವುದು, ಇಳತ ಅಂದರೆ ಇಳಿಯುವುದು; ಮುಚ್ಚಳದ ಭ, ಇ ಅವೇ, ಊರಿನ ಹೆಸರು ಇದ್ದದ್ದು ಪೆಟ್ಟಿಗೆಯಲ್ಲಿ. ದೋಣಿಯಲ್ಲಿ ಅವನ ಬಾಯಿಂದ ದಿನವೂ ಕೇಳಿದ್ದ ಮಾತು. ಬರೆದದ್ದನ್ನು ಮಾತ್ರ ಅವಳು ಯಾವತ್ತೂ ಕಂಡಿರಲಿಲ್ಲ.

ಒಡ್ಡಿನ ಮೇಲೆ ನಿಂತು ಅವಳು ಇದೆಲ್ಲವನ್ನೂ ತಡವರಿಸುತ್ತಾ ಹೇಳಿದಳು. ವೀಣಾ ಮೇಡಂಗೆ ಪತ್ರ ಬರೆದುಕೊಟ್ಟಿದ್ದನ್ನೂ, ಅವರು ಅವನನ್ನು ಮತ್ತೆ ಕರೆದಿದ್ದನ್ನೂ ಹೇಳಿದಳು. ಅವನು ಲೋಟದ ನೀರನ್ನು ಹೊಂಡಕ್ಕೆ ಸುರಿದ.

“ಆ ಬಾಟ್ಲಿ ಈಗಾದ್ರೂ ಎಣ್ಸಿದ್ರಾ? ಕುಮಟಾದಲ್ಲಿ ಎಷ್ಟ್ ಜಾತಿ ಸಿಕ್ತು?”



“ಚೆಲ್ಲಿಬಿಟ್ಟೆ... ಹದಿನೆಂಟೂ. ಅವತ್ತೇ.”

ಮೊದಲ ಬಾರಿಗೆ ಅವನ ಮುಖದಲ್ಲಿ ನೋವು ಕಾಣಿಸಿತು. ಕೆಲಸ ಹೋದಾಗಲೂ ಹೀಗೆ ನೊಂದಿರಲಿಲ್ಲವೇನೋ.

“ಒಂದ್ ಫೋನ್ ಮಾಡೂಕೆ ಆಗ್ಲಿಲ್ಲ ಅಲಾ ನಿಮ್ಗೆ. ಭ ಅಂದ್ರೆ ಎಂತ ಮಾರಾಯಾ ಅಂತ ಕೇಳಿದ್ರೆ ಸಾಕಿತ್ತು.”

“ನೀನ್ಯಾಕೆ ಹೇಳ್ಲಿಲ್ಲ, ದಿವಾಕರ?”

“ಬೇರೆಯೋರು ಅಂದಿದ್ರೆ ಜಗಳಾನೇ ಮಾಡ್ತಿದ್ದೆ. ಅಂದೋರು ನೀವು. ನಿಮ್ಗೇ ನಂಬ್ಕೆ ಇಲ್ಲ ಅಂದ್ಮೇಲೆ ಚೀಟಿ ತೋರ್ಸಿ ಎಂತ ಮಾಡೂದು?”

ಅವಳು ಒಡ್ಡಿನ ಮೇಲೆ ಕುಳಿತುಬಿಟ್ಟಳು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

“ನೀನಂದ್ರೆ ನಂಗೆ ಇಷ್ಟ. ಅವತ್ತೂ ಇಷ್ಟ ಇತ್ತು.”

“ಗೊತ್ತಿತ್ತು,” ಎಂದ ಅವನು. “ಅದಕ್ಕೇ ಅಷ್ಟ್ ನೋವಾತು.”

ಹೊಂಡದಾಚೆ ಕೊಕ್ಕರೆಗಳು ಇಳಿದವು, ಎದ್ದವು. ಅವನು ನೀರಿನಿಂದ ಮೇಲೆ ಬಂದು, ಅವಳಿಂದ ಎರಡು ಮಾರು ದೂರದಲ್ಲಿ ನಿಂತ. ಅವನ ದನಿ ಮೆತ್ತಗಾಯಿತು.

“ಬಿಸಿಲಲ್ಲಿ ಕೂರ್ಬೇಡ. ಶೆಡ್ಡಿನ ನೆರಳಿಗೆ ಬಾ.”

ಬಾ! ಆ ಒಂದು ಏಕವಚನಕ್ಕೆ ಅವಳ ಕಣ್ಣು ತುಂಬಿತು.

ಶೆಡ್ಡಿನಲ್ಲಿ ಅವನು ಫ್ಲಾಸ್ಕಿನ ಚಾ ಬಗ್ಗಿಸಿ ಕೊಟ್ಟ. ಈ ಮಾರ್ಚಿನ ನೀರು ಹಿಡಿದಾಯಿತೇ ಎಂದು ವಿಚಾರಿಸಿದ. ಇಲ್ಲವೆಂದಾಗ, ತನಗೆ ಮಂಗಳವಾರ ರಜೆ, ಅಘನಾಶಿನಿಗೆ ತಾನೇ ದೋಣಿ ತರುತ್ತೇನೆ ಎಂದ. ಲ್ಯಾಬಿಗೆ ಮಾತ್ರ ಕಾಲಿಡುವುದಿಲ್ಲ ಎಂದ.

“ದಿವಾಕರ, ನಾನು ಮಾಡಿದ್ದು ತಪ್ಪಾಯ್ತು.”

“ಚಾ ಆರ್ತದೆ. ಕುಡಿ,” ಎಂದ.

ಆ ಕಡೆಯ ಜನ, ಕಾಲು ತುಳಿದವರಿಗೂ, ಕೊಟ್ಟ ಮಾತು ಮರೆತವರಿಗೂ, ‘ಅಡ್ಡಿಲ್ಲ’, ಅಂದರೆ ಪರವಾಗಿಲ್ಲ, ಎಂದುಬಿಡುತ್ತಾರೆ.

ದಿವಾಕರ ಅವಳಿಗೆ ಅದನ್ನು ಹೇಳಲಿಲ್ಲ. ಅವತ್ತೂ ಹೇಳಲಿಲ್ಲ, ಅವಳನ್ನೇ ಮದುವೆಯಾದ ಮೇಲೂ ಹೇಳಲಿಲ್ಲ.