ಒಂದು ಕಾರಿನಷ್ಟು ಜಾಗ

"ಛಾವಣಿ ಮೇಲಿನ ಹಿಮ ಇಳಿಸೋಕೆ ಮೂವತ್ತೈದು ಸಾವಿರ ಯೆನ್. ಮನೆ ಮುಂದೆ ಒಂದು ಕಾರು ನಿಲ್ಲೋಷ್ಟು ಜಾಗ ಬಿಡಿಸೋಕೆ ಒಂಬತ್ತು ಸಾವಿರ. ಅದೂ ಅವರು ಬರೋದು ಮುಂದಿನ ಗುರುವಾರ!" ಅಪ್ಪ ಫೋನ್ ಕೆಳಗಿಟ್ಟು ಹೇಳಿದ.

"ನಾನು ಮಾಡ್ತೀನಿ," ಎಂದಳು ಮಿಯೋರಿ.

"ನಿನ್ನ ರೇಟ್ ಎಷ್ಟಮ್ಮಾ?"

"ಒಂದು ಕ್ರೀಮ್ ಬನ್. ಇವತ್ತೇ ಮುಗಿಸಿ ಕೊಡ್ತೀನಿ."

ಅಪ್ಪ ನಗುತ್ತಲೇ ಆಕಳಿಸಿದ. ಮೀನು ಮಾರುಕಟ್ಟೆಯಲ್ಲಿ ಅವನ ಕೆಲಸ ಬೆಳಗಿನ ಜಾವ ಮೂರಕ್ಕೇ ಶುರು. ಮಧ್ಯಾಹ್ನ ಮನೆಗೆ ಬಂದರೆ ಕಣ್ಣು ತೆರೆದಿಡುವುದೇ ಕಷ್ಟ.

"ಒಂದು ಗಂಟೆ ಮಲಗ್ತೀನಿ ಮಿಯೋ. ಆಮೇಲೆ ಇಬ್ರೂ ಸೇರಿ ಮಾಡೋಣ. ಒಬ್ಳೇ ಹೊರಡಬೇಡ."

ಮಿಯೋರಿ ತಲೆಯಾಡಿಸಿದಳು. ಅಪ್ಪನ ಗೊರಕೆ ಕೇಳಿಸಿದ ಕೂಡಲೇ ಬೂಟು ಹಾಕಿಕೊಂಡಳು.

ಉತ್ತರ ಜಪಾನಿನ ಅವೊಮೊರಿ ಊರಿಗೆ ಹಿಮ ಹೊಸದೇನಲ್ಲ. ಆದರೆ ಈ ವರ್ಷ ಅದರದು ಹಿಡಿದದ್ದೇ ಹಟ. ಬೀದಿಯ ಎರಡೂ ಕಡೆ ಅಪ್ಪನಿಗಿಂತ ಎತ್ತರದ ಹಿಮದ ಗೋಡೆ. ಊರಿನ ಪಾರ್ಕಿಂಗ್ ಜಾಗಗಳೆಲ್ಲ ಗುಡ್ಡಗಳಾಗಿದ್ದವು. ರೈಲು ನಿಂತು ಎಂಟು ದಿನವಾಗಿತ್ತು.

ಅಮ್ಮ ಪಶ್ಚಿಮದ ಕಡಲ ತೀರದ ಒಂದು ಪುಟ್ಟ ಊರಿನ ಆಸ್ಪತ್ರೆಯಲ್ಲಿ ನರ್ಸ್. ಒಂದು ವರ್ಷ ಅಲ್ಲೇ ಇರಬೇಕು. ಎರಡು ವಾರಕ್ಕೊಮ್ಮೆ ಶನಿವಾರ ಕಾರಿನಲ್ಲಿ ಬಂದು ಭಾನುವಾರ ವಾಪಸ್ ಹೋಗುತ್ತಿದ್ದಳು. ಹಿಮ ಹೆಚ್ಚಾದ ಮೇಲೆ ರಾತ್ರಿ ಉಳಿಯುವುದೂ ತಪ್ಪಿತು.

ಹೋದ ಸಲ ಅಮ್ಮ ಬಂದಿದ್ದಳು. ಕಾರು ನಿಲ್ಲಿಸಲು ಎಲ್ಲೂ ಜಾಗವಿರಲಿಲ್ಲ. ಹಿಂದೆ ಹಿಮ ನೂಕುವ ದೊಡ್ಡ ಯಂತ್ರ ಹಾರ್ನ್ ಹೊಡೆಯುತ್ತ ನಿಂತಿತ್ತು. ಅಮ್ಮ ಕಿಟಕಿ ಇಳಿಸಿ ಸೇಬಿನ ಚೀಲ ಕೊಟ್ಟಳು, ಮಿಯೋರಿಯ ಕೆನ್ನೆ ಮುಟ್ಟಿದಳು, ಕಾರು ಮುಂದೆ ಹೋಯಿತು. ಅಷ್ಟೇ. ಗಡಿಯಾರ ನೋಡಿದರೆ ಮೂರು ನಿಮಿಷವೂ ಆಗಿರಲಿಲ್ಲ.

ಇವತ್ತು ಬೆಳಿಗ್ಗೆ ಅಮ್ಮ ಫೋನ್ ಮಾಡಿದ್ದಳು. "ಹನ್ನೆರಡಕ್ಕೆ ಹೊರಡ್ತೀನಿ. ನಾಲ್ಕಕ್ಕೆ ಬರ್ತೀನಿ. ಜಾಗ ಇದ್ರೆ ಈ ಸಲ ಉಳ್ಕೋತೀನಿ ಚಿನ್ನ."

ಜಾಗ ಇದ್ದರೆ.

ಮಿಯೋರಿ ತಳ್ಳುವ ಸಲಿಕೆ ಎಳೆದುಕೊಂಡು ಬಂದಳು. ಅದು ಹಿಡಿ ಕೂರಿಸಿದ ದೊಡ್ಡ ಮೊರದಂತಿತ್ತು.

ಅವರ ಬೀದಿಯ ಅಂಚಿನಲ್ಲಿ ನೆಲದಡಿ ಒಂದು ಕಾಲುವೆ ಇದೆ. ಪ್ರತಿ ಮನೆಯ ಮುಂದೂ ಅದಕ್ಕೊಂದು ಕಬ್ಬಿಣದ ಮುಚ್ಚಳ. ದಿನಕ್ಕೆ ಒಂದೇ ಗಂಟೆ, ಒಂದರಿಂದ ಎರಡರವರೆಗೆ, ಅದರಲ್ಲಿ ನೀರು ಬಿಡುತ್ತಾರೆ. ಆಗ ಎಲ್ಲರೂ ಮುಚ್ಚಳ ತೆಗೆದು ಹಿಮ ಹಾಕುತ್ತಾರೆ. ನೀರು ಅದನ್ನು ಕಡಲಿಗೆ ಒಯ್ಯುತ್ತದೆ. ಬೀದಿಯ ಸರದಿ ನೋಡಿಕೊಳ್ಳುವುದು ಕ್ಷೌರದಂಗಡಿಯ ಶಿರಾತೊರಿ ಮಾಮ. ಅವನ ಕೊರಳಲ್ಲಿ ಯಾವಾಗಲೂ ಒಂದು ಸೀಟಿ.

"ಏನಮ್ಮಾ, ಅಪ್ಪ ಎಲ್ಲಿ?" ಎಂದು ಕೇಳಿದ ಮಾಮ.

"ಈಗ ಬರ್ತಾರೆ."

"ನೆನಪಿದೆ ತಾನೇ? ಅನ್ನದ ಬಟ್ಟಲಿಗಿಂತ ದೊಡ್ಡ ಉಂಡೆ ಹಾಕಬಾರದು. ಒಡೆದು ಹಾಕು."

"ಗೊತ್ತು ಮಾಮ. ನಾನೇನು ಒಂದನೇ ಕ್ಲಾಸಾ?"

ಮೇಲಿನ ಹಿಮ ಹತ್ತಿಯಂತೆ ಬಂತು. ಅಡಿಯದು ಯಂತ್ರ ಒತ್ತಿ ಹೋದ ಹಿಮ, ಕಲ್ಲಿಗಿಂತ ಗಟ್ಟಿ. ಮಿಯೋರಿ ಕುಟ್ಟಿದಳು, ಒಡೆದಳು, ತಳ್ಳಿದಳು. ಕೈಗವಸು ಒದ್ದೆಯಾಯಿತು. ಒಂದೂವರೆಗೆ ಅರ್ಧ ಕಾರಿನಷ್ಟು ಜಾಗವಾಗಿತ್ತು.

ಅರ್ಧ ಕಾರು ಯಾರಿಗೆ ಬೇಕು?

ಒಂದು ನಲವತ್ತಕ್ಕೆ ಅವಳು ಒಡೆಯುವುದನ್ನು ನಿಲ್ಲಿಸಿದಳು. ದೊಡ್ಡ ದೊಡ್ಡ ಗಡ್ಡೆಗಳನ್ನು ಉರುಳಿಸಿಕೊಂಡು ಬಂದು ಹಾಗೇ ದೂಡತೊಡಗಿದಳು. ಅವು ಗುಳುಂ ಎಂದು ಮುಳುಗಿ ಮಾಯವಾದವು. ಎಷ್ಟು ಸುಲಭ! ಮಾಮನೂ ಬೀದಿಯ ಆ ತುದಿಯಲ್ಲಿದ್ದ. ಒಂದು ಐವತ್ತಕ್ಕೆ ಪೂರ್ತಿ ಒಂದು ಕಾರಿನಷ್ಟು ಜಾಗ ಖಾಲಿಯಾಗಿ ಕಣ್ಣ ಮುಂದಿತ್ತು. ಮಿಯೋರಿ ಅದರ ನಡುವೆ ನಿಂತು ಎರಡೂ ಕೈ ಚಾಚಿದಳು. ಇಲ್ಲಿ ಅಮ್ಮನ ಬಾಗಿಲು. ಇಲ್ಲಿ ಡಿಕ್ಕಿ.

ಆಗ ಸೀಟಿ ಕೇಳಿಸಿತು. ಒಂದಲ್ಲ, ಮೂರು ಸಲ.

ಎರಡು ಮನೆ ಆಚೆ ಕಾಲುವೆ ತಿರುಗುವ ಕಡೆ ಮಿಕಾಮಿ ಅಜ್ಜಿಯ ಮನೆ. ಅವಳ ಮನೆ ಮುಂದಿನ ಮುಚ್ಚಳದಿಂದ ನೀರು ಉಕ್ಕಿ ಬರುತ್ತಿತ್ತು. ಬೂದು ಬಣ್ಣದ ಹಿಮದ ಗಂಜಿ ಅಜ್ಜಿಯ ಹೊಸ್ತಿಲ ಕಡೆಗೆ ನಿಧಾನವಾಗಿ ಹರಿಯುತ್ತಿತ್ತು.

"ನೀರು ನಿಲ್ಸೋಕೆ ಹೇಳಿ!" ಶಿರಾತೊರಿ ಮಾಮ ಫೋನಿನಲ್ಲಿ ಕೂಗಿದ. ನೀರು ನಿಂತಿತು. ಅವನು ಬಿದಿರಿನ ಗಳ ಇಳಿಸಿ ತಿವಿದು ನೋಡಿದ. "ಒಂದಲ್ಲ, ನಾಕಿವೆ! ಒಂದೊಂದೂ ಫ್ರಿಜ್ ಇದ್ದಂಗಿದೆ. ಯಾರಪ್ಪಾ ಇದನ್ನ ಹಾಕ್ದೋರು?"

"ನಮ್ಮದು ಇನ್ನೂ ಅರ್ಧವೂ ಆಗಿಲ್ಲ," ಎಂದು ಎದುರು ಮನೆಯಾಕೆ ಗೊಣಗಿದಳು. "ಇನ್ನು ನಾಳೇನೇ ನೀರು."

ಮಿಯೋರಿ ಸುಮ್ಮನಿದ್ದರೆ ಯಾರಿಗೂ ತಿಳಿಯದು. ಆದರೆ ಅಜ್ಜಿಯ ಬಾಗಿಲು ಅಲ್ಲಾಡುತ್ತಿತ್ತು. ಅಜ್ಜಿ ಒಳಗಿನಿಂದ ತಳ್ಳುತ್ತಿದ್ದಳು. ಬಾಗಿಲು ಒಂದು ಗೇಣು ತೆರೆದು ಗಂಜಿಗೆ ತಗುಲಿ ನಿಂತಿತು.

"ನಾನು ಮಾಮ," ಎಂದಳು ಮಿಯೋರಿ. "ಒಡೀಲಿಲ್ಲ."

ಮಾಮ ಗಳ ಪಕ್ಕಕ್ಕಿಟ್ಟು ಅವಳ ಕಡೆ ತಿರುಗಿದ. ಬಾಗಿಲ ಸಂದಿಯಿಂದ ಅಜ್ಜಿಯ ದನಿ ಬಂತು. "ಬಯ್ಯೋದನ್ನ ಆಮೇಲೆ ಬಯ್ಯಿ ಶಿರಾತೊರಿ. ಮೊದ್ಲು ಇದನ್ನ ತೆಗೆಸು. ಒಂದು ಗಂಟೆಲಿ ಗಡ್ಡೆ ಕಟ್ಟುತ್ತೆ. ಆಮೇಲೆ ನಾನು ಒಳಗೇ ಉಪ್ಪಿನಕಾಯಿ!"

ಯಾರೋ ನಕ್ಕರು. ಎಲ್ಲರೂ ಸಲಿಕೆ ಎತ್ತಿಕೊಂಡರು. ಮತ್ತೆ ಎಲ್ಲರೂ ನಿಂತರು. ಹಾಕುವುದೆಲ್ಲಿ? ಕಾಲುವೆ ಕಟ್ಟಿತ್ತು. ಗೋಡೆಗಳ ಮೇಲೆ ಇನ್ನೊಂದು ಹಿಡಿ ಹಾಕಿದರೂ ಜಾರಿ ಬೀಳುತ್ತಿತ್ತು.

ಇಡೀ ಬೀದಿಯಲ್ಲಿ ಖಾಲಿ ಜಾಗ ಒಂದೇ ಇತ್ತು. ಎಲ್ಲರ ಕಣ್ಣೂ ಒಮ್ಮೆ ಆ ಕಡೆ ಹೋಗಿ ತಿರುಗಿ ಬಂತು. ಅದು ಯಾರಿಗೆ ಎಂದು ಬೀದಿಗೆಲ್ಲ ಗೊತ್ತಿತ್ತು. ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ಅಪ್ಪ ಕೆದರಿದ ಕೂದಲಿನಲ್ಲೇ ಓಡಿ ಬಂದ. ಸುತ್ತ ನೋಡಿದ. ಅವನಿಗೆ ಹೇಳಬೇಕಾಗಲಿಲ್ಲ.

"ನಮ್ಮನೆ ಮುಂದೆ ಹಾಕಿ," ಎಂದಳು ಮಿಯೋರಿ.

ಅಪ್ಪ ಬಗ್ಗಿ ಮೆಲ್ಲಗೆ ಹೇಳಿದ, "ಅಮ್ಮ ಹೊರಟಾಗಿದೆ ಕಣೇ."

"ಗೊತ್ತಪ್ಪಾ."

ಮೊದಲ ಸಲಿಕೆ ಅವಳೇ ಸುರಿದಳು. ಆಮೇಲೆ ಉಳಿದವರು. ಗಂಜಿ ಭಾರವಾಗಿತ್ತು. ಮುಕ್ಕಾಲು ಗಂಟೆಯಲ್ಲಿ ಅಮ್ಮನ ಬಾಗಿಲು ಬರಬೇಕಾಗಿದ್ದ ಜಾಗ ತುಂಬಿತು. ಆಮೇಲೆ ಡಿಕ್ಕಿಯ ಜಾಗ. ಶಿರಾತೊರಿ ಮಾಮ ಅವಳ ಕೈಗವಸು ಕಳಚಿ ತನ್ನದನ್ನು ತೊಡಿಸಿದ.

ಮಿಯೋರಿ ಅಪ್ಪನ ಫೋನ್ ಕೇಳಿ ಪಡೆದಳು.

"ಅಮ್ಮಾ, ಎಲ್ಲಿದ್ದೀಯಾ?"

"ಅರ್ಧ ದಾರಿ ದಾಟಿದ್ದೀನಿ. ಒಂದು ಅಂಗಡಿ ಮುಂದೆ ನಿಲ್ಸಿ ಕಾಫಿ ಕುಡೀತಿದ್ದೀನಿ. ನಿನ್ನ ದನಿ ಯಾಕೆ ಹಾಗಿದೆ?"

"ಜಾಗ ಮಾಡಿದ್ದೆ ಅಮ್ಮಾ. ಪೂರ್ತಿ ಮಾಡಿದ್ದೆ. ಈಗ ಇಲ್ಲ."

ಎಲ್ಲವನ್ನೂ ಹೇಳಿದಳು. ಗಡ್ಡೆಗಳು, ಸೀಟಿ, ಗಂಜಿ. ಆಚೆ ಕಡೆ ವೈಪರ್ ಆಡುವ ಸದ್ದು ಮಾತ್ರ ಕೇಳುತ್ತಿತ್ತು.

"ಅಜ್ಜಿಗೆ ಏನೂ ಆಗಿಲ್ಲ ತಾನೇ?"

"ಇಲ್ಲ. ಬೈತಾ ಇದ್ದಾರೆ."

"ಹಾಗಾದ್ರೆ ಚೆನ್ನಾಗಿದ್ದಾರೆ." ಅಮ್ಮ ನಗಲು ನೋಡಿದಳು. ಅರ್ಧ ನಗು, ಅರ್ಧ ಮೂಗು ಎಳೆದ ಸದ್ದು. "ನಾನಿಲ್ಲಿಂದಲೇ ತಿರುಗಿಸ್ತೀನಿ ಮಿಯೋ. ಕತ್ತಲಾದ್ರೆ ದಾರಿ ಕಷ್ಟ."

"ಹೂಂ."

"ಫೋನ್ ಇಡಬೇಡ. ಸ್ವಲ್ಪ ಹೊತ್ತು ಹೀಗೇ ಇರು."

ಮಿಯೋರಿ ಇಡಲಿಲ್ಲ. ಕಾರು ಕದಲಿದ್ದು ಕೇಳಿಸಿತು. ತಿರುವು ತೋರಿಸುವ ದೀಪ ಟಿಕ್ ಟಿಕ್ ಎಂದಿತು. ಎಷ್ಟೋ ಹೊತ್ತು ಟಿಕ್ ಟಿಕ್ ಎನ್ನುತ್ತಲೇ ಇತ್ತು. ಅಮ್ಮನಿಗೂ ತಿರುಗಲು ಮನಸ್ಸಿಲ್ಲ ಎಂದು ಮಿಯೋರಿಗೆ ತಿಳಿಯಿತು. ಆಮೇಲೆ ಆ ಸದ್ದು ನಿಂತಿತು.

ಎರಡು ಮನೆ ಆಚೆ ಮಿಕಾಮಿ ಅಜ್ಜಿಯ ಬಾಗಿಲು ಗೋಡೆಯವರೆಗೂ ತೆರೆದುಕೊಂಡಿತ್ತು. ಅಮ್ಮ ಆ ಶನಿವಾರ ಬರಲಿಲ್ಲ.